ಮಕ್ಕಳಿಗೆ ನಾಚಿಕೆ ಮಾರುವ ವ್ಯಾಪಾರ

2026ರ ಜನವರಿಯಲ್ಲಿ ಮಧುರೆಯ ಹತ್ತೊಂಬತ್ತು ವರ್ಷದ ಕಾಲೇಜು ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಳು. ಮೈ ಸಣ್ಣಗಾಗಬೇಕೆಂಬ ಆಸೆಯಿಂದ ಯೂಟ್ಯೂಬಿನಲ್ಲಿ ಕಂಡ ವೀಡಿಯೋವನ್ನು ನಂಬಿ, ನಾಟಿಮದ್ದಿನ ಅಂಗಡಿಯಿಂದ ಬಿಳಿಗಾರವನ್ನು ತಂದು ತಿಂದಳೆಂದು ಪತ್ರಿಕೆಗಳು ವರದಿ ಮಾಡಿದವು. ಬಿಳಿಗಾರವೆಂದರೆ ಏನೆಂದು ಸೌಕಾರ್‌ಪೇಟೆಯಲ್ಲಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿಯವರು ಅದನ್ನು ವೆಂಗಾರವೆನ್ನುತ್ತಾರೆ. ಅಕ್ಕಸಾಲಿಗರು ಚಿನ್ನಕ್ಕೆ ಬೆಸುಗೆ ಹಾಕುವಾಗ ಉಪಯೋಗಿಸುವ ಪುಡಿ ಅದು. ಅಂಥ ಪುಡಿಯು ಒಬ್ಬ ಹೆಣ್ಣುಮಗಳ ಹೊಟ್ಟೆಗೆ ಹೋಯಿತು.

ಇದೊಂದೇ ಪ್ರಕರಣವಾಗಿದ್ದರೆ ವಿಧಿಯೆಂದು ಸುಮ್ಮನಾಗಬಹುದಿತ್ತೋ ಏನೋ. 2025ರ ಜುಲೈಯಲ್ಲಿ ಕನ್ಯಾಕುಮಾರಿ ಜಿಲ್ಲೆಯಲ್ಲಿ 17 ವರ್ಷದ ಹುಡುಗನೊಬ್ಬ ತೀರಿಕೊಂಡನು. ತೂಕ ಇಳಿಸುವುದಕ್ಕಾಗಿ ಯೂಟ್ಯೂಬ್ ನೋಡಿ ಮೂರು ತಿಂಗಳು ಬರೇ ಹಣ್ಣಿನ ರಸ ಕುಡಿದುಕೊಂಡಿದ್ದನೆಂದು ಮನೆಯವರು ಹೇಳಿದರು. ಅದೇ ವರ್ಷ ಮಾರ್ಚಿಯಲ್ಲಿ ಕೇರಳದ ಕಣ್ಣೂರು ಜಿಲ್ಲೆಯ 18 ವರ್ಷದ ಹುಡುಗಿ, ದಪ್ಪಗಾಗುವೆನೆಂಬ ಭಯದಿಂದ ತಿಂಗಳುಗಟ್ಟಲೆ ಊಟ ಬಿಟ್ಟು, ತಲಶ್ಶೇರಿಯ ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟಳು. ಅವಳೂ ಅಂತರ್ಜಾಲದಲ್ಲಿ ಕಂಡ ಪಥ್ಯಗಳನ್ನೇ ಹಿಡಿದಿದ್ದಳೆಂದು ವರದಿಯಾಯಿತು. ನಮ್ಮ ಕನ್ನಡನಾಡಿನಲ್ಲಿಯೂ 2022ರ ಮೇ 16ರಂದು ಕಿರುತೆರೆ ನಟಿ ಚೇತನಾ ರಾಜ್ 21ನೇ ವಯಸ್ಸಿಗೇ, ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ತರುವಾಯ, ಬೆಂಗಳೂರಿನಲ್ಲಿ ತೀರಿಕೊಂಡರು. ಇವರಲ್ಲಿ ಯಾರ ಮನೆಯಲ್ಲಿಯೂ ಅನ್ನಕ್ಕೆ ಕೊರತೆ ಇದ್ದಿಲ್ಲ. ಇದ್ದ ಮೈಯೇ ಸಾಲದು, ಇದು ನಾಚಿಕೆಪಡತಕ್ಕ ಮೈ ಎಂಬ ಮಾತು ಎಳೆಯ ಮನಸ್ಸಿಗೆ ಹೊಕ್ಕಿತ್ತು.

ಸಂಬಳ, ಬೋನಸ್ಸು, ರಜೆ, ಪ್ರಾವಿಡೆಂಟ್ ಫಂಡುಗಳ ಕುರಿತು ಬರೆಯಬೇಕಾದ ಪತ್ರಿಕೆಗೆ ಈ ವಿಷಯವೇಕೆ ಎಂದು ಕೆಲವರು ಕೇಳಬಹುದು. ಅದಕ್ಕೆ ನಮ್ಮ ಉತ್ತರ ಹೀಗಿದೆ. 1918ರ ಏಪ್ರಿಲ್ 27ರಂದು ಬಿ. ಪಿ. ವಾಡಿಯಾ ಅವರ ಮುಂದಾಳುತನದಲ್ಲಿ ಮದರಾಸು ಲೇಬರ್ ಯೂನಿಯನ್ ಈ ಊರಿನಲ್ಲಿ ಹುಟ್ಟಿತು. ಪೆರಂಬೂರಿನ ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಮಿಲ್ಲುಗಳ ಕಾರ್ಮಿಕರು ಅಂದು ಮುಂದಿಟ್ಟ ದೂರುಗಳಲ್ಲಿ ಮಧ್ಯಾಹ್ನದ ಊಟದ ಬಿಡುವು ಸಾಲದೆಂಬುದೂ ಒಂದು. ಆ ಮಿಲ್ಲು 1996ರಲ್ಲಿ ಮುಚ್ಚಿತು. ಆದರೆ ನೆಮ್ಮದಿಯಾಗಿ ಕುಳಿತು ಉಣ್ಣುವ ಹಕ್ಕು ದುಡಿಯುವವನಿಗೆ ಇದೆಯೆಂದು ತೋರಿಸಿಕೊಟ್ಟವರು ಅಲ್ಲಿಯ ಜನ. ನಾವು ಹೊಟೆಲಿನವರಾದರೋ ಊರಿಗೇ ಊಟ ಬಡಿಸುವವರು. ಕುಂದಾಪುರ, ಉಡುಪಿ, ಕಾರ್ಕಳದ ಕಡೆಯಿಂದ ನಮ್ಮ ಹಿರಿಯರು ಹೊರಟದ್ದು ಮನೆಯಲ್ಲಿ ಎರಡು ಹೊತ್ತಿನ ಗಂಜಿಗೆ ತತ್ವಾರವಾಗಿದ್ದುದರಿಂದ. ಅಂಥವರ ಮೊಮ್ಮಕ್ಕಳು ಒಂದು ಚಿತ್ರವನ್ನು ನೋಡಿಕೊಂಡು ತಟ್ಟೆಯನ್ನು ದೂರ ತಳ್ಳುವ ಕಾಲ ಬಂದರೆ, ಅದು ಕಾರ್ಮಿಕ ಸಂಘವು ಯೋಚಿಸತಕ್ಕ ವಿಷಯವೇ ಹೌದು.

ಈ ವ್ಯಾಪಾರ ಹೇಗೆ ನಡೆಯುತ್ತದೆಂಬುದನ್ನು ಮೊದಲು ತಿಳಿಯಬೇಕು. ಇನ್‌ಸ್ಟಾಗ್ರಾಂ, ಯೂಟ್ಯೂಬ್ ಮೊದಲಾದವುಗಳನ್ನು ನೋಡುವುದಕ್ಕೆ ನಾವು ಕಾಸು ಕೊಡುವುದಿಲ್ಲ. ಹಾಗಾದರೆ ಕಂಪೆನಿಗಳ ಗಲ್ಲಾಪೆಟ್ಟಿಗೆ ತುಂಬುವುದು ಹೇಗೆ? ಜಾಹೀರಾತಿನಿಂದ. ನಮ್ಮ ಮಕ್ಕಳ ಕಣ್ಣು ಎಷ್ಟು ಹೊತ್ತು ಆ ಪರದೆಯ ಮೇಲೆ ನಿಲ್ಲುತ್ತದೆಯೋ ಅಷ್ಟು ಲಾಭ. ಹುಡುಗಿಯೊಬ್ಬಳು ತೆಳ್ಳಗಿನ ಸೊಂಟದ ಒಂದು ರೀಲಿನ ಮುಂದೆ ನಾಲ್ಕು ಕ್ಷಣ ಹೆಚ್ಚು ನಿಂತರೆ ಯಂತ್ರವು ಅದನ್ನು ಗುರುತು ಹಾಕಿಕೊಳ್ಳುತ್ತದೆ, ಮತ್ತೆ ಅಂಥದೇ ಹತ್ತನ್ನು ತಂದು ಸುರಿಯುತ್ತದೆ. ಅವಳು ಮೆಚ್ಚಿ ನಿಂತಳೋ, ನೊಂದು ನಿಂತಳೋ ಎಂಬ ಗೊಡವೆ ಅದಕ್ಕಿಲ್ಲ. ಆ ಚಿತ್ರಗಳಲ್ಲಿ ಅನೇಕವು ಬೆಳಕಿನಿಂದಲೂ ಫಿಲ್ಟರುಗಳಿಂದಲೂ ತಿದ್ದಿದವು. ಈಚೆಗೆ ಹುಟ್ಟೇ ಇಲ್ಲದ ಮನುಷ್ಯರ ಮುಖವನ್ನೂ ಮೈಯನ್ನೂ ಕೃತಕ ಬುದ್ಧಿಯ ಯಂತ್ರಗಳು ಮಾಡಿ ಕೊಡುತ್ತಿವೆ. ಇಲ್ಲದ ಮೈಯೊಂದಿಗೆ ಇದ್ದ ಮೈಯನ್ನು ಹೋಲಿಸಿಕೊಂಡು ಮಗು ಕೊರಗುತ್ತದೆ. ಕೊರಗು ಹುಟ್ಟಿದ ಮೇಲೆ ಸರಕು ಬರುತ್ತದೆ: ಬೆಳ್ಳಗಾಗುವ ಕ್ರೀಮು, ತೆಳ್ಳಗಾಗುವ ಚಹ, ಎತ್ತರವಾಗುವ ಗುಳಿಗೆ, ತೋಳು ಉಬ್ಬಿಸುವ ಪುಡಿ. ನಾಚಿಕೆಯನ್ನು ಮೊದಲು ತಯಾರು ಮಾಡಿ, ಬಳಿಕ ಅದಕ್ಕೆ ಮದ್ದನ್ನು ಮಾರುವ ವ್ಯಾಪಾರ ಇದು.

ಇದು ನಮ್ಮ ಊಹೆಯೆಂದು ಯಾರೂ ತಿಳಿಯಬಾರದು. ಆ ಕಂಪೆನಿಯ ಒಳಗೇ ದುಡಿಯುತ್ತಿದ್ದ ಫ್ರಾನ್ಸೆಸ್ ಹೌಗೆನ್ ಎಂಬ ಮಹಿಳೆಯು 2021ರಲ್ಲಿ ಫೇಸ್‌ಬುಕ್ಕಿನ ಒಳಗಿನ ಕಾಗದಪತ್ರಗಳನ್ನು ಹೊರಗೆ ತಂದು, ಅಮೆರಿಕದ ಸೆನೆಟ್ಟಿನ ಸಮಿತಿಯ ಮುಂದೆ ಸಾಕ್ಷಿ ನುಡಿದಳು. ಇನ್‌ಸ್ಟಾಗ್ರಾಂ ಸಹ ಅದೇ ಕಂಪೆನಿಯದು. ತಮ್ಮ ಮೈಯ ಬಗ್ಗೆ ಬೇಸರ ಬಂದಾಗ ಇನ್‌ಸ್ಟಾಗ್ರಾಂ ಆ ಬೇಸರವನ್ನು ಇನ್ನೂ ಹೆಚ್ಚಿಸಿತೆಂದು ಹದಿಹರೆಯದ ಹುಡುಗಿಯರಲ್ಲಿ ನೂರಕ್ಕೆ 32 ಮಂದಿ ಹೇಳಿದರೆಂಬುದು ಆ ಕಂಪೆನಿಯೇ ಮಾಡಿಸಿದ ವಿಚಾರಣೆಯಲ್ಲಿತ್ತು. ತಮ್ಮ ಸಂಶೋಧನೆಯನ್ನು ತಪ್ಪಾಗಿ ಅರ್ಥಮಾಡಲಾಗಿದೆ, ಅನೇಕ ಹುಡುಗಿಯರಿಗೆ ಅದರಿಂದ ಒಳಿತೂ ಆಗಿದೆ ಎಂದು ಕಂಪೆನಿಯು ಸಮಾಧಾನ ಹೇಳಿತು. ಹಾಗೆಯೇ ಇರಲಿ. ನೂರು ಮಂದಿ ಉಂಡ ಹೊಟೆಲಿನಲ್ಲಿ ಮೂವತ್ತೆರಡು ಮಂದಿಗೆ ಹೊಟ್ಟೆ ಕೆಟ್ಟರೆ, ಉಳಿದವರಿಗೆ ಏನೂ ಆಗಲಿಲ್ಲವೆಂದು ಯಜಮಾನನು ಬಾಗಿಲು ತೆರೆದಿಟ್ಟುಕೊಳ್ಳಬಹುದೆ? ಹೊಟೆಲಿಗೆ ಒಂದು ನ್ಯಾಯ, ಕಂಪೆನಿಗೆ ಒಂದು ನ್ಯಾಯ ಆಗಕೂಡದು. ಸತ್ಯವನ್ನು ಹೊರಗೆ ತಂದವಳು ಒಬ್ಬ ನೌಕರಳೆಂಬುದನ್ನು ನಮ್ಮ ಜನ ನೆನಪಿನಲ್ಲಿ ಇಡತಕ್ಕದ್ದು.

ಬಿಳುಪಿನ ಮೋಹವೇನೂ ಫೋನಿನಿಂದ ಹುಟ್ಟಿದ್ದಲ್ಲ. ಫೇರ್ ಅಂಡ್ ಲವ್ಲಿ ಕ್ರೀಮು ನಮ್ಮ ದೇಶದ ಪೇಟೆಗೆ ಬಂದದ್ದು 1975ರಲ್ಲಿ. 2020ರಲ್ಲಿ ಅದರ ಕಂಪೆನಿಯು ಹೆಸರಿನಿಂದ ಫೇರ್ ಎಂಬ ಪದವನ್ನು ತೆಗೆದು ಗ್ಲೋ ಎಂದು ಇಟ್ಟಿತು. ಹೆಸರು ಬದಲಾಯಿತು, ಮೋಹ ಮಾತ್ರ ಹಾಗೆಯೇ ಉಳಿಯಿತು. ಅಂದು ಜಾಹೀರಾತು ಸಿನಿಮಾ ಮಂದಿರದಲ್ಲಿ, ಟಿ.ವಿ.ಯಲ್ಲಿ ಎಲ್ಲರ ಮುಂದೆ ಬರುತ್ತಿತ್ತು. ಇಂದು ರಾತ್ರಿ ಹನ್ನೆರಡು ಗಂಟೆಗೆ ಹೊದಿಕೆಯ ಒಳಗೆ, ಒಬ್ಬೊಬ್ಬ ಮಗುವಿನ ನೋವನ್ನು ಹುಡುಕಿಕೊಂಡು ಬರುತ್ತದೆ. ತಯಾರಕರ ಹೆಸರು, ಲೈಸೆನ್ಸಿನ ನಂಬರು ಯಾವುದೂ ಇಲ್ಲದ ಡಬ್ಬಿಗಳು ರೀಲುಗಳ ಮೂಲಕ ಮನೆಬಾಗಿಲಿಗೆ ತಲಪುತ್ತವೆ. ಅದರ ಫಲವನ್ನು ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್ಲಿನ ವೈದ್ಯರು ಕಂಡರು. 2021ರ ಜುಲೈಯಿಂದ 2023ರ ಸೆಪ್ಟೆಂಬರಿನ ತನಕ ಒಂದು ಬಗೆಯ ಮೂತ್ರಪಿಂಡದ ರೋಗವಿದ್ದ 22 ಮಂದಿಯನ್ನು ಅವರು ಪರೀಕ್ಷಿಸಿದರು. ಅವರಲ್ಲಿ 15 ಮಂದಿಗೆ ಇದ್ದುದು ವಿರಳವಾದ ಒಂದು ಪ್ರಭೇದ. ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮು ಹಚ್ಚಿಕೊಂಡವರು. ಇಂಥ ಕ್ರೀಮುಗಳಲ್ಲಿ ಬೆರೆಸುವ ಪಾದರಸವು ಚರ್ಮದ ಮೂಲಕ ಒಳಗಿಳಿದು ಮೂತ್ರಪಿಂಡವನ್ನು ಕೆಡಿಸುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ಹಿರಿಯರು ಹೇಳಿದ್ದು ಸುಳ್ಳಲ್ಲ.

ಗಂಡುಹುಡುಗರು ಇದರಿಂದ ಪಾರಾದರೆಂದು ಎಣಿಸಬೇಡಿ. ಹೊಟೆಲಿನ ರೂಮುಗಳಲ್ಲಿ ಮಲಗುವ ಹದಿನೆಂಟು, ಇಪ್ಪತ್ತು ವರ್ಷದ ಮಾಣಿಗಳ ಕೈಯಲ್ಲಿಯೂ ಫೋನು ಇದೆ. ಹತ್ತು, ಹನ್ನೆರಡು ಗಂಟೆ ನಿಂತು ಕೆಲಸ ಮಾಡಿ ಬಂದು, ಆರು ಗೆಣ್ಣಿನ ಹೊಟ್ಟೆಯ ಚಿತ್ರ ನೋಡಿಕೊಂಡು, ಸಂಬಳದ ದೊಡ್ಡ ಪಾಲನ್ನು ಪುಡಿಯ ಡಬ್ಬಿಗೆ ಸುರಿಯುವ ಹುಡುಗರಿದ್ದಾರೆ. ಊರಿಗೆ ಹೋಗಬೇಕಾದ ಹಣ ಹೀಗೆ ಹೋಗುತ್ತದೆ. ಜಿಮ್ಮಿಗೆ ಹೋಗುವುದು ತಪ್ಪಲ್ಲ, ವ್ಯಾಯಾಮ ಒಳ್ಳೆಯದೇ. ಆದರೆ ವೈದ್ಯರ ಚೀಟಿಯಿಲ್ಲದೆ ಯಾರೋ ಕೊಟ್ಟ ಸ್ಟೀರಾಯ್ಡು ಸೂಜಿಯನ್ನು ಚುಚ್ಚಿಸಿಕೊಳ್ಳುವುದು ಹೃದಯಕ್ಕೂ ಯಕೃತ್ತಿಗೂ ಹಾನಿ ತರುವ ಕೆಲಸ.

ಸರಕಾರಗಳು ಸುಮ್ಮನೆ ಕುಳಿತಿಲ್ಲವೆಂಬುದೂ ನಿಜ. ತಿದ್ದಿದ ಚಿತ್ರವನ್ನು ಜಾಹೀರಾತಿನಲ್ಲಿ ಹಾಕಿದರೆ ತಿದ್ದಿದ್ದೆಂದು ಅಚ್ಚು ಹಾಕಬೇಕೆಂಬ ನಿಯಮವನ್ನು ಫ್ರಾನ್ಸ್ ದೇಶ 2017ರಲ್ಲಿ ಜಾರಿಗೆ ತಂದಿತು. ಆಸ್ಟ್ರೇಲಿಯಾ 2024ರಲ್ಲಿ ಕಾಯಿದೆ ಮಾಡಿ, 2025ರ ಡಿಸೆಂಬರ್ 10ರಿಂದ 16 ವರ್ಷಕ್ಕೆ ಕೆಳಗಿನವರು ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಇಡಕೂಡದೆಂದು ವಿಧಿಸಿತು. ನಮ್ಮ ದೇಶದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯು 18 ವರ್ಷಕ್ಕೆ ಕೆಳಗಿನವರನ್ನು ಮಕ್ಕಳೆಂದು ಕರೆದು, ಅವರ ಬೆನ್ನು ಹತ್ತಿ ಚಲನವಲನ ಗಮನಿಸುವುದನ್ನೂ ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದನ್ನೂ ನಿಷೇಧಿಸುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಟವು. ಮುಖ್ಯವಾದ ಕಟ್ಟುಪಾಡುಗಳಿಗೆ ಮಾತ್ರ ಹದಿನೆಂಟು ತಿಂಗಳ ಗಡುವು ಕೊಡಲಾಗಿದೆ. ಇನ್‌ಸ್ಟಾಗ್ರಾಂ ತಾನಾಗಿಯೇ ಹದಿಹರೆಯದವರ ಖಾತೆಯೆಂಬ ಬೇರೆ ವ್ಯವಸ್ಥೆಯನ್ನು 2025ರ ಫೆಬ್ರವರಿಯಲ್ಲಿ ಭಾರತಕ್ಕೆ ತಂದಿತು. 16ಕ್ಕೆ ಕೆಳಗಿನವರು ಹೆತ್ತವರ ಒಪ್ಪಿಗೆಯಿಲ್ಲದೆ ಅದರ ಕಟ್ಟನ್ನು ಸಡಿಲಿಸುವಂತಿಲ್ಲ.

ಇವೆಲ್ಲ ಒಳ್ಳೆಯದೇ. ಆದರೆ ಈ ಏರ್ಪಾಡುಗಳಲ್ಲಿ ಒಂದು ದೊಡ್ಡ ತೂತು ಇದೆ. ಅದು ದುಡಿಯುವವರ ಮನೆಗೆ ನೇರ ತೆರೆದುಕೊಳ್ಳುತ್ತದೆ. ಮಗುವಿಗೆ ತನ್ನದೇ ಫೋನು, ತನ್ನದೇ ಖಾತೆ, ಅದರಲ್ಲಿ ಸರಿಯಾದ ವಯಸ್ಸು ಇರುತ್ತದೆಂದು ಈ ನಿಯಮ ಬರೆದವರು ಭಾವಿಸಿದಂತಿದೆ. ಒಂದೇ ಕೋಣೆಯ ನಮ್ಮ ಮನೆಗಳಲ್ಲಿ ಇರುವುದು ಅನೇಕ ವೇಳೆ ಒಂದೇ ಫೋನು. ಖಾತೆ ತಂದೆಯ ಹೆಸರಿನಲ್ಲಿ, ವಯಸ್ಸು ತಂದೆಯದು. ಕಂಪೆನಿಯ ಲೆಕ್ಕದಲ್ಲಿ ಆ ಮನೆಯಲ್ಲಿ ಮಗುವೇ ಇಲ್ಲ! ನಲವತ್ತು ವರ್ಷದ ಗಂಡಸಿಗೆ ತೋರಿಸತಕ್ಕದ್ದೆಲ್ಲ ಹನ್ನೆರಡರ ಹುಡುಗಿಯ ಕಣ್ಣಿಗೆ ಬೀಳುತ್ತದೆ. ತಂದೆ ಇಲ್ಲಿ ಹೊಟೆಲಿನಲ್ಲಿ, ತಾಯಿ ಮಕ್ಕಳು ಊರಿನಲ್ಲಿ ಎಂಬ ಸಂಸಾರಗಳ ಪಾಡು ಇನ್ನೂ ಕಷ್ಟ. ಮುಖ ನೋಡಿ ಮಾತಾಡಲೆಂದು ತಂದೆ ಸಾಲ ಮಾಡಿ ಕಳುಹಿಸಿದ ಫೋನು ಅದು. 2020ರಲ್ಲಿ ಕೊರೊನಾ ಬಂದಾಗ ಪಾಠವೂ ಫೋನಿನಲ್ಲಿಯೇ ಎಂದಾಯಿತು, ಇಲ್ಲದವರೂ ಕೊಂಡರು. ಫೋನು ಕೊಡಬೇಡಿ ಎಂದು ಇಂದು ಉಪದೇಶ ಮಾಡುವವರು ಇದನ್ನು ಮರೆತಿದ್ದಾರೆ.

ಬರೇ ನಿಷೇಧವೂ ಸಾಲದೆಂಬುದಕ್ಕೆ ನಮ್ಮಲ್ಲಿಯೇ ಒಂದು ಉದಾಹರಣೆ ಇದೆ. 2020ರ ಜೂನಿನಲ್ಲಿ, ಬೇರೆ ಕಾರಣಕ್ಕಾಗಿ, ಕೇಂದ್ರ ಸರಕಾರವು ಟಿಕ್‌ಟಾಕನ್ನು ನಿಷೇಧಿಸಿತು. ಮರುತಿಂಗಳೇ ಇನ್‌ಸ್ಟಾಗ್ರಾಂ ಭಾರತದಲ್ಲಿ ರೀಲ್ಸ್ ತೆರೆಯಿತು. ಒಂದು ಅಂಗಡಿ ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು ತೆರೆಯುತ್ತದೆ. ಆದ್ದರಿಂದ ಅಂಗಡಿಯಲ್ಲಿ ಮಾರುವ ಮಾಲಿನ ಮೇಲೆಯೇ ಕಾನೂನಿನ ಕೈ ಬೀಳಬೇಕು.

ಅಂಥ ಕಾನೂನು ನಮ್ಮಲ್ಲಿ ಇಲ್ಲವೆ? ಇದೆ. 1954ರಷ್ಟು ಹಿಂದೆಯೇ ಪಾರ್ಲಿಮೆಂಟು ಔಷಧಿಗಳು ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತುಗಳ ಕಾಯಿದೆಯನ್ನು ಮಾಡಿತು. ಮದ್ದಿನಿಂದ ಗುಣಪಡಿಸುತ್ತೇವೆಂದು ಜಾಹೀರಾತು ಹಾಕಕೂಡದ ಸ್ಥಿತಿಗಳ ಪಟ್ಟಿಯಲ್ಲಿ ಬೊಜ್ಜು ಇದೆ, ಮನುಷ್ಯನ ಎತ್ತರವೂ ಇದೆ. ಜಾಹೀರಾತೆಂದರೆ ಏನೆಂಬುದಕ್ಕೆ ಆ ಕಾಯಿದೆ ಕೊಟ್ಟ ಅರ್ಥವನ್ನು ಓದಿದರೆ ಆಶ್ಚರ್ಯವಾಗುತ್ತದೆ. ನೋಟೀಸು, ಲೇಬಲ್ಲುಗಳ ಜೊತೆಗೆ, ಬಾಯಿಮಾತಿನಲ್ಲಾಗಲಿ, ಬೆಳಕು, ಧ್ವನಿ ಇಲ್ಲವೆ ಹೊಗೆಯ ಮೂಲಕವಾಗಲಿ ಮಾಡಿದ ಪ್ರಕಟಣೆಯೂ ಜಾಹೀರಾತೇ ಎಂದು ಅದು ಹೇಳುತ್ತದೆ. ಫೋನಿನ ರೀಲು ಬೆಳಕು ಮತ್ತು ಧ್ವನಿಯಲ್ಲದೆ ಮತ್ತೇನು? ಇಂಥ ಜಾಹೀರಾತು ವಾಕ್ ಸ್ವಾತಂತ್ರ್ಯವೆಂಬ ವಾದವನ್ನು ಸುಪ್ರೀಂ ಕೋರ್ಟು 1959ರಲ್ಲಿಯೇ ಹಮ್‌ದರ್ದ್ ದವಾಖಾನೆಯ ಮೊಕದ್ದಮೆಯಲ್ಲಿ ತಳ್ಳಿಹಾಕಿದೆ. ಚರ್ಮವನ್ನು ಬೆಳ್ಳಗೆ ಮಾಡುವ ಮಾತನ್ನೂ ಪಟ್ಟಿಗೆ ಸೇರಿಸುವ ಕರಡೊಂದು 2020ರ ಫೆಬ್ರವರಿಯಲ್ಲಿ ಹೊರಟಿತ್ತು. ಅದು ಕರಡಾಗಿಯೇ ಉಳಿಯಕೂಡದು.

ಕಂಪೆನಿಗಳು ಹೇಳುವುದೇನು? ನಾವು ಗೋಡೆ ಮಾತ್ರ, ಪೋಸ್ಟರು ಅಂಟಿಸಿದವರು ಬೇರೆ ಎನ್ನುತ್ತವೆ. ವಾಲ್‌ಟ್ಯಾಕ್ಸ್ ರಸ್ತೆಯ ಗೋಡೆಯಾದರೆ ಆ ಮಾತನ್ನು ಒಪ್ಪಬಹುದಿತ್ತು. ದಾರಿಯಲ್ಲಿ ಹೋಗುವವರಲ್ಲಿ ಯಾರು ನೊಂದಿದ್ದಾರೆಂದು ನೋಡಿ, ಅವರಿಗೆ ತಕ್ಕ ಪೋಸ್ಟರನ್ನು ತಾನೇ ಆರಿಸಿ ಮುಖಕ್ಕೆ ಹಿಡಿಯುವ ಗೋಡೆಯನ್ನು ನಾವೆಲ್ಲಿಯೂ ಕಂಡಿಲ್ಲ. ಆರಿಸುವವನಿಗೆ ಹೊಣೆಯೂ ಇರತಕ್ಕದ್ದು.

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. 1954ರ ಕಾಯಿದೆಯನ್ನು ರೀಲುಗಳಿಗೂ ವೀಡಿಯೋಗಳಿಗೂ ಅನ್ವಯಿಸಿ, ರಾಜ್ಯದ ಔಷಧ ನಿಯಂತ್ರಣ ಇಲಾಖೆಯು ತಾನಾಗಿ ಮೊಕದ್ದಮೆ ಹೂಡಬೇಕು. ತೂಕ, ಬಣ್ಣ, ಎತ್ತರಗಳ ಸರಕನ್ನು ಹೊಗಳಿ ಕಮಿಷನ್ ಪಡೆಯುವವರು ಅದನ್ನು ಬಾಯಿಬಿಟ್ಟು ಹೇಳಬೇಕು. ಮಗುವಿನ ವಯಸ್ಸು ತಿಳಿಯದ ಖಾತೆಗಳಲ್ಲಿಯೂ ಉಪವಾಸವನ್ನೂ ಮೈಯ ಹೀಗಳಿಕೆಯನ್ನೂ ಮತ್ತೆ ಮತ್ತೆ ತಂದು ಸುರಿಯುವ ಯಂತ್ರವನ್ನು ನಿಲ್ಲಿಸಬೇಕು. ಹಾಗಾದರೆ ಮಾತ್ರ ಒಂದೇ ಫೋನಿನ ಮನೆಗೆ ರಕ್ಷಣೆ. ದೂರುಗಳನ್ನು ತಮಿಳಿನಲ್ಲಿಯೂ ಕನ್ನಡದಲ್ಲಿಯೂ ಸ್ವೀಕರಿಸಬೇಕು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಪ್ರತಿಯೊಂದು ಕಂಪೆನಿಗೂ ದೂರು ಅಧಿಕಾರಿ ಇರಬೇಕು. ಆತ 24 ಗಂಟೆಗಳೊಳಗೆ ದೂರು ಮುಟ್ಟಿತೆಂದು ತಿಳಿಸಬೇಕು. ಈ ಹಕ್ಕು ನಮಗೂ ಉಂಟು. ಬರೆಯಲು ಬಾರದವರಿಗೆ ಸಂಘದ ಆಫೀಸಿನಲ್ಲಿ ಕುಳಿತು ಬರೆದುಕೊಡುವ ಏರ್ಪಾಡನ್ನು ಮಾಡಬೇಕೆಂದು ನಾವು ಸೂಚಿಸುತ್ತೇವೆ.

ಇನ್ನು ಮನೆಯ ಮಾತು. ಹೊಡೆದು ಬೈದು ಫೋನು ಕಸಿದರೆ ಮಗು ಅಡಗಿಸಿ ನೋಡುತ್ತದೆ. ಜೊತೆಗೆ ಕುಳಿತು ಏನು ನೋಡುತ್ತಿದೆಯೆಂದು ವಿಚಾರಿಸಿರಿ. ಬೇಡದ ವೀಡಿಯೋ ಬಂದಾಗ ಆಸಕ್ತಿಯಿಲ್ಲ ಎಂಬ ಗುಂಡಿಯನ್ನು ಒತ್ತಲು ಕಲಿಸಿರಿ. ನೋಡಿದ್ದರ ಹಳೆಯ ದಾಖಲೆಯನ್ನು ಅಳಿಸಿದರೆ ಯಂತ್ರಕ್ಕೆ ಹಿಡಿದ ಜಾಡು ತಪ್ಪುತ್ತದೆ. ರಾತ್ರಿ ಮಲಗುವಾಗ ಫೋನು ಹಾಸಿಗೆಯಿಂದ ದೂರ ಇರಲಿ. ಊಟ ತಪ್ಪಿಸುವುದು, ತಿಂದದ್ದನ್ನು ಕದ್ದು ಕಕ್ಕುವುದು, ಕನ್ನಡಿಯ ಮುಂದೆ ಅಳುವುದು, ಶಾಲೆಗೆ ಹೋಗಲು ಹಿಂಜರಿಯುವುದು ಕಂಡುಬಂದರೆ ಹಟವೆಂದು ತಿಳಿಯದೆ ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿರಿ. ಟೆಲಿ ಮಾನಸ್ ಎಂಬ ಸರಕಾರದ ಸಹಾಯವಾಣಿ 2022ರಿಂದ ನಡೆಯುತ್ತಿದೆ. 14416 ನಂಬರಿಗೆ ಹಗಲು ರಾತ್ರಿ ಎನ್ನದೆ ಕಾಸಿಲ್ಲದೆ ಕರೆಮಾಡಬಹುದು. ಕನ್ನಡದಲ್ಲಿಯೂ ಮಾತಾಡಬಹುದು.

ಕೊನೆಯದಾಗಿ ಒಂದು ಮಾತು. ಹೊಟೆಲುಗಳಲ್ಲಿ ಹೊಸದಾಗಿ ಬಂದ ಹುಡುಗನಿಗೆ ಕರಿಯ, ಕಡ್ಡಿ, ಗುಂಡ ಎಂದು ಹೆಸರಿಡುವ ಅಭ್ಯಾಸ ಅಲ್ಲಲ್ಲಿ ಇದೆ. ಮದುವೆಯ ಮಾತು ಬಂದಾಗ ಹುಡುಗಿಯ ಬಣ್ಣವನ್ನು ಮೊದಲು ಕೇಳುವವರೂ ಇದ್ದಾರೆ. ಮನೆಯೇ ಮಗುವನ್ನು ನಾಚಿಸಿದ ಮೇಲೆ ಕಂಪೆನಿಗೆ ಕೆಲಸ ಹಗುರವಾಗುತ್ತದೆ. ಇದು ನಿಲ್ಲಬೇಕು. ದೋಸೆಕಲ್ಲಿನ ಮುಂದೆ ಇಪ್ಪತ್ತು ವರ್ಷ ನಿಂತವನ ಮುಖ ಕಪ್ಪಾಗಿರುತ್ತದೆ. ಮಿಲ್ಲಿನಲ್ಲಿ ರಾತ್ರಿ ಪಾಳಿ ಮಾಡಿದವನ ಕಣ್ಣು ಗುಳಿಬಿದ್ದಿರುತ್ತದೆ. ಮೂರು ಹೆತ್ತು, ನಾಲ್ಕು ಮನೆಯ ಪಾತ್ರೆ ತೊಳೆದ ತಾಯಿಯ ಸೊಂಟ ರೀಲಿನ ಸೊಂಟದಂತೆ ಇರುವುದಿಲ್ಲ. ನಮ್ಮ ಮಕ್ಕಳು ಓದುತ್ತಿರುವುದು, ಉಣ್ಣುತ್ತಿರುವುದು ಈ ಮೈಗಳ ದುಡಿಮೆಯಿಂದ. ಅದನ್ನು ಮಕ್ಕಳಿಗೆ ಹೇಳಲು ತಂದೆತಾಯಿಗಳು ಸಂಕೋಚಪಡಬಾರದು.

ಕಾರ್ಮಿಕ ಬಂಧುಗಳೆ, ಮಕ್ಕಳನ್ನು ಹೊಟೆಲು, ಢಾಬಾಗಳ ಕೆಲಸಕ್ಕೆ ಇಡಕೂಡದೆಂದು 2006ರಲ್ಲಿ ಸರಕಾರದ ಆಜ್ಞೆ ಜಾರಿಗೆ ಬಂತು. ಎಂಜಲು ತೆಗೆಯುತ್ತಿದ್ದ ಎಳೆಯ ಕೈಗಳನ್ನು ಕಾನೂನು ಬಿಡಿಸಿತು. ಇಂದು ಎಳೆಯ ಕಣ್ಣುಗಳು ಸಂಬಳವಿಲ್ಲದೆ ರಾತ್ರಿಯೆಲ್ಲ ದುಡಿಯುತ್ತಿವೆ, ಲಾಭ ಇನ್ನೊಬ್ಬರಿಗೆ ಹೋಗುತ್ತಿದೆ. ಆ ಕಣ್ಣುಗಳನ್ನೂ ಬಿಡಿಸುವ ಕೆಲಸವನ್ನು ಸಂಘಗಳು ಕೈಗೆತ್ತಿಕೊಳ್ಳಬೇಕು. ಮುಂದಿನ ಸಭೆಗೆ ಬರುವಾಗ ನಿಮ್ಮ ಮನೆಯವರನ್ನೂ ದೊಡ್ಡ ಮಕ್ಕಳನ್ನೂ ಕರೆತನ್ನಿರಿ. ಅವರ ಮಾತನ್ನು ಕೇಳಿದ ಬಳಿಕವೇ ಇಲಾಖೆಗೆ ಕೊಡುವ ಮನವಿಯನ್ನು ಬರೆಯುವುದು ಸರಿಯೆಂಬುದು ನಮ್ಮ ಅಭಿಪ್ರಾಯ.